ಮುಚ್ಚಿಡದ ನಂಬಿಕೆ

1860ರ ಅಮೆರಿಕದ ಅಧ್ಯಕ್ಷ ಚುನಾವಣೆಗೆಂದು ಅಚ್ಚಾದ ಲಕೋಟೆಯೊಂದರ ಎಡಬದಿಯಲ್ಲಿ ಅಬ್ರಹಾಂ ಲಿಂಕನ್ ಮುಖವಿದೆ. ಗಡ್ಡವಿಲ್ಲ; ಅವರು ಗಡ್ಡ ಬಿಟ್ಟದ್ದು ಗೆದ್ದ ಮೇಲೆ. ಮುಖದ ಸುತ್ತ ಸೀಳಿದ ಮರದ ಬೇಲಿಯೇ ಚೌಕಟ್ಟು. ಲಿಂಕನ್ ಯೌವನದಲ್ಲಿ ಮರ ಸೀಳಿ ದುಡಿದವರೆಂದು ಅವರ ಪಕ್ಷ ಊರೂರಿಗೆ ಸಾರುತ್ತಿತ್ತು. ಬಲಗಡೆ ಮೂರು ಸೆಂಟಿನ ಕೆಂಪು ಅಂಚೆಚೀಟಿ, ಅದರ ಮೇಲೆ ಊರಿನ ಠಸ್ಸೆ, ಕೆಳಗೆ ಯಾರದೋ ಕೈಬರಹದ ವಿಳಾಸ.

ಇದೇ ಚಿತ್ರದ, ಬಳಸದೆ ಉಳಿದ ಲಕೋಟೆಗಳೂ ಸಿಗುತ್ತವೆ. ಆದರೂ ಸಂಗ್ರಾಹಕರಿಗೆ ಹೆಚ್ಚು ಬೇಕಾದದ್ದು ಮಸಿ ಹತ್ತಿದ, ಅಂಚು ಹರಿದ ಲಕೋಟೆಯೇ. ಅಚ್ಚು ಒಂದೇ, ಕಾಗದವೂ ಒಂದೇ. ಅಂಚೆಯಲ್ಲಿ ಹೋದದ್ದರಿಂದ ಅದಕ್ಕೆ ಸೇರಿಕೊಂಡದ್ದಾದರೂ ಏನು?

ನಂಬಿಕೆ ಮನಸ್ಸಿನಲ್ಲಿದ್ದರೆ ಸಾಕೇ, ನಾಲ್ಕು ಜನರ ಕಣ್ಣಿಗೆ ಬೀಳಬೇಕೇ ಎಂಬ ಹಳೆಯ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಆಗಿನ ಅಮೆರಿಕದಲ್ಲಿ ಮತವೇ ಗುಟ್ಟಾಗಿರಲಿಲ್ಲ. ಪಕ್ಷಗಳು ಅಚ್ಚು ಹಾಕಿಸಿದ ಚೀಟಿಯನ್ನು ಜನರೆದುರೇ ಪೆಟ್ಟಿಗೆಗೆ ಹಾಕುತ್ತಿದ್ದರು. ಲಕೋಟೆಯಾದರೆ ಇನ್ನೂ ದೂರ ಹೋಗುತ್ತಿತ್ತು, ಎದುರು ಪಕ್ಷದವರ ಕೈಯನ್ನೂ ಹಾಯುತ್ತಿತ್ತು. ಪೋಸ್ಟ್‌ಮಾಸ್ಟರ್ ಹುದ್ದೆ ಆಗ ರಾಜಕೀಯ ನೇಮಕವಾಗಿತ್ತು. 1860ರಲ್ಲಿ ಅಧಿಕಾರದಲ್ಲಿದ್ದವರು ಡೆಮಾಕ್ರಟಿಕ್ ಪಕ್ಷದ ಬುಕಾನನ್. ಅವರ ಕಡೆಯವರು ಕೂತ ಕಚೇರಿಗೆ ಲಿಂಕನ್ ಮುಖದ ಲಕೋಟೆ ಒಯ್ಯುವುದೆಂದರೆ ತಾನು ಯಾರ ಪರ ಎಂದು ಹೇಳಿಯೇ ಕೊಟ್ಟಂತೆ. ಅಂಚೆ ಎಲ್ಲ ಕಾಲಕ್ಕೂ ಸುರಕ್ಷಿತವಾಗಿರಲೂ ಇಲ್ಲ: 1835ರಲ್ಲಿ ಚಾರ್ಲ್ಸ್‌ಟನ್ ಅಂಚೆ ಕಚೇರಿಗೆ ನುಗ್ಗಿದ ಗುಂಪು ಗುಲಾಮಗಿರಿ ವಿರೋಧಿಗಳ ಪತ್ರಿಕೆಗಳನ್ನು ಹೊತ್ತೊಯ್ದು ಸುಟ್ಟುಹಾಕಿತ್ತು.

ಮತದ ಹಕ್ಕಿಲ್ಲದ ಹೆಂಗಸೂ ಇಂಥ ಲಕೋಟೆಯಲ್ಲಿ ಕಾಗದ ಹಾಕಬಹುದಿತ್ತು. ಮತಪೆಟ್ಟಿಗೆ ಕೊಡದ ಮಾತನ್ನು ಮೂರು ಸೆಂಟ್ ಕೊಡುತ್ತಿತ್ತು.

ಹಾಗಾಗಿ ಬಳಸಿದ ಲಕೋಟೆಯ ಬೆಲೆ ಅದರ ಚಿತ್ರಕ್ಕಿಂತ, ಒಬ್ಬ ವ್ಯಕ್ತಿ ಅದನ್ನು ಕಳುಹಿಸಿದ್ದರಲ್ಲಿದೆ. ಅಂಚೆಚೀಟಿಯನ್ನಷ್ಟೇ ಕತ್ತರಿಸಿಕೊಂಡು ಉಳಿದದ್ದನ್ನು ಎಸೆದವರು ನಷ್ಟ ಮಾಡಿಹೋದದ್ದು ಅದನ್ನೇ: ಯಾವ ಊರಿನಿಂದ, ಯಾರಿಗೆ, ಯಾವ ದಿನ ಎಂಬ ಸಾಕ್ಷ್ಯವೆಲ್ಲ ಲಕೋಟೆಯ ಜೊತೆಗೇ ಹೋಯಿತು.

ಆದರೆ ಬಹಿರಂಗವಾಗಿ ಸಾರಿದ ಮಾತ್ರಕ್ಕೆ ನಂಬಿಕೆ ನ್ಯಾಯವಾಗಿಬಿಡುವುದೇ? ಅದೇ ವರ್ಷ ಕಣದಲ್ಲಿದ್ದ ಬ್ರೆಕಿನ್‌ರಿಜ್, ಗುಲಾಮರನ್ನು ಹೊಸ ಪ್ರಾಂತ್ಯಗಳಿಗೂ ಒಯ್ಯುವ ಹಕ್ಕಿನ ಪರ ನಿಂತವರು. ಅವರ ಹೆಸರಿನ ಲಕೋಟೆಗಳೂ ಅಂಚೆ ಹತ್ತಿದವು. ಕಳುಹಿಸಿದವರ ನಂಬಿಕೆಯೂ ಪ್ರಾಮಾಣಿಕವಾಗಿಯೇ ಇದ್ದಿರಬಹುದು. ಆ ಪ್ರಾಮಾಣಿಕತೆಗೆ ತಲೆಬಾಗಬೇಕಿಲ್ಲ. ಆದರೂ ಸಂಗ್ರಹದಲ್ಲಿ ಲಿಂಕನ್ ಲಕೋಟೆಯ ಪಕ್ಕದಲ್ಲೇ ಬ್ರೆಕಿನ್‌ರಿಜ್ ಲಕೋಟೆಯೂ ಇರಬೇಕು. ಅವರಿಗೆ 72 ಎಲೆಕ್ಟೋರಲ್ ಮತ ಬಿದ್ದಿದ್ದವು. ಮನುಷ್ಯರನ್ನು ಸೊತ್ತೆಂದು ನಂಬಿದವರು ಆ ನಂಬಿಕೆಯನ್ನು ನೆಂಟರಿಷ್ಟರ ಕುಶಲ ವಿಚಾರಿಸುವ ಕಾಗದದ ಮೇಲೂ ಹೊರಿಸಬಲ್ಲವರಾಗಿದ್ದರು.