ಮೊದಲನೆಯ ಗಾಳ

(ಓದತಕ್ಕ ಭಾಗಗಳು: ಮತ್ತಾಯ 17:24–27, ಹಬಕ್ಕೂಕ 1:14–17)



ಕಪೆರ್ನೌಮಿನಲ್ಲಿ ದೇವಾಲಯದ ತೆರಿಗೆ ಎತ್ತುವವರು ಪೇತ್ರನನ್ನು ತಡೆದು, ಅವನ ಗುರುವು ಆ ಹಣವನ್ನು ಸಲ್ಲಿಸುತ್ತಾನೋ ಇಲ್ಲವೋ ಎಂದು ವಿಚಾರಿಸಿದ ಸಂಗತಿಯನ್ನು ಮತ್ತಾಯನೊಬ್ಬನೇ ಬರೆದಿದ್ದಾನೆ. ಒಂದು ಕಾಲದಲ್ಲಿ ಸುಂಕದ ಕಟ್ಟೆಯಲ್ಲಿ ಕುಳಿತಿದ್ದವನಿಗೆ ಇಂಥ ಲೆಕ್ಕಗಳು ಮರೆಯಲಿಲ್ಲವೆಂದು ತೋರುತ್ತದೆ. ಪೇತ್ರನು ಮನೆಗೆ ಬರುವಷ್ಟರಲ್ಲಿ ಕರ್ತನು ತಾನೇ ಮಾತು ತೆಗೆದು, ಅವನನ್ನು ಸಮುದ್ರಕ್ಕೆ ಕಳುಹಿಸಿ, ಗಾಳ ಹಾಕಿ ಮೊದಲು ಬರುವ ಮೀನನ್ನು ಎತ್ತಬೇಕೆಂದು ಹೇಳಿದನು. ಅದರ ಬಾಯಲ್ಲಿ ಸಿಕ್ಕುವ ನಾಣ್ಯವು ಇಬ್ಬರ ತೆರಿಗೆಗೆ ಸರಿಯಾಗುವದು.

ಪೇತ್ರನು ಬಲೆಯವನು. ಅವನ ತಮ್ಮನೂ ಜೊತೆಗಾರರೂ ಬಲೆಯವರೇ. ದೋಣಿ ಉಂಟು, ಆಳುಗಳು ಉಂಟು, ರಾತ್ರಿಯೆಲ್ಲಾ ಪ್ರಯಾಸಪಟ್ಟು ಬಲೆ ಎಳೆಯುವ ತೋಳುಗಳು ಉಂಟು. ಅಂಥವನಿಗೆ ಕರ್ತನು ಬಲೆಯನ್ನು ಬೀಸೆಂದು ಹೇಳದೆ ಹುಡುಗರು ದಡದಲ್ಲಿ ಕೂತು ಹಿಡಿಯುವ ಗಾಳವನ್ನು ಕೈಗೆ ಕೊಟ್ಟನು. ಹೊಸ ಒಡಂಬಡಿಕೆಯಲ್ಲಿ ಗಾಳವೆಂಬ ಮಾತು ಬರುವದು ಇದೊಂದೇ ಸ್ಥಳದಲ್ಲಿ. ಬಲೆ ನೂರಾರು ಮೀನುಗಳನ್ನು ತರುವದು. ಗಾಳವು ಒಂದನ್ನು ತರುವದು. ಬೇಕಾದದ್ದು ಒಂದೇ ಮೀನು, ಆದಕಾರಣ ಸಾಧನವೂ ಅಷ್ಟೇ ಆಯಿತು. ಈ ಸಣ್ಣ ಸಂಗತಿಯ ಮೇಲೆ ಇಷ್ಟು ನಿಲ್ಲುವದಕ್ಕೆ ಕಾರಣವುಂಟು.

ನಮ್ಮ ಸೀಮೆ ನೀರಿನ ಸೀಮೆ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಡ್ಡಲಾಗಿ ರಾಜಾ ಲಖಮಗೌಡ ಜಲಾಶಯ ನಿಂತಿದೆ. ಸಂಕೇಶ್ವರದ ಬದಿಯಲ್ಲಿ ಹಿರಣ್ಯಕೇಶಿ ಹರಿಯುತ್ತದೆ. ಧೂಪದಾಳದ ಒಡ್ಡಿನಿಂದ ಎಡದಂಡೆ ಕಾಲುವೆ ಹೊರಟು ಗೋಕಾಕ, ಮೂಡಲಗಿಯ ಕಬ್ಬಿನ ಹೊಲಗಳಿಗೆ ನೀರುಣಿಸುತ್ತದೆ. ನದಿಯೋ ಮುಂದೆ ಹೋಗಿ ಗೋಕಾಕದ ಬಂಡೆಯಿಂದ ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತದೆ. ಹೀಗಿರಲಾಗಿ ನಮ್ಮ ಹುಡುಗರಿಗೆ ಮೀನಿನ ಆಸೆ ಹುಟ್ಟುವದು ಆಶ್ಚರ್ಯವಲ್ಲ. ಹಿಂದೆ ಬಿದಿರ ಕಡ್ಡಿಯಿಂದ ತೃಪ್ತರಾಗಿದ್ದವರು ಈಗ ಕೈಯಲ್ಲಿಯ ಫೋನಿನಲ್ಲಿ ದೂರದೇಶದವರ ಹೊಳೆಯುವ ಕೋಲುಗಳನ್ನೂ ರೀಲುಗಳನ್ನೂ ನೋಡಿ, ತಮಗೂ ಅಂಥದ್ದೇ ಬೇಕೆಂದು ಬಯಸುತ್ತಾರೆ. ಕೊಳ್ಳುವದು ಪಾಪವೋ ಎಂದು ಕೆಲವು ತಾಯಂದಿರು ಕೇಳುತ್ತಾರೆ. ಪಾಪವಲ್ಲ. ಆದರೆ ಯಾವದನ್ನು, ಯಾವ ಹಣದಿಂದ, ಯಾವ ನೀರಿಗಾಗಿ ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟೇ ಕೊಳ್ಳತಕ್ಕದ್ದು.

ಮೊದಲು ನೀರನ್ನು ನೋಡಿರಿ, ಆಮೇಲೆ ಅಂಗಡಿಯನ್ನು. ನೀವು ಕುಳಿತುಕೊಳ್ಳುವ ಸ್ಥಳ ಊರ ಕೆರೆಯೋ ಹಳ್ಳದ ಮಡುವೋ ಆಗಿದ್ದು ಮೀನು ದಡದ ಹತ್ತಿರವೇ ಆಡುವದಾದರೆ ರೀಲಿನ ಅಗತ್ಯವೇ ಇಲ್ಲ. ಹತ್ತು ಹನ್ನೆರಡು ಅಡಿಯ ನೇರವಾದ ಒಣ ಬಿದಿರು, ಅದರ ತುದಿಗೆ ಕೋಲಿನಷ್ಟೇ ಉದ್ದದ ನೈಲಾನು ದಾರ, ಒಂದು ಬೆಂಡು, ಕಡಲೆಯಷ್ಟು ಸೀಸ, ಒಂದು ಸಣ್ಣ ಗಾಳ, ಇಷ್ಟು ಸಾಕು. ಗಾಳಗಳ ಅಳತೆಯಲ್ಲಿ ಹೊಸಬರು ಮೋಸಹೋಗುವದುಂಟು: ಸಾಮಾನ್ಯ ಅಂಕಿಗಳಲ್ಲಿ ಅಂಕಿ ಹೆಚ್ಚಿದಷ್ಟೂ ಗಾಳ ಚಿಕ್ಕದು. ಜಿಲೇಬಿಯಂಥ ಮೀನಿಗೆ 8 ಅಥವಾ 10ನೆಯ ಅಂಕಿಯದು ಹೊಂದುವದು. ದೊಡ್ಡ ಗಾಳಕ್ಕೆ ದೊಡ್ಡ ಮೀನು ಬರುವದೆಂದು ನಂಬಿ ಬೆರಳುಗಾತ್ರದ ಕೊಕ್ಕೆ ಕಟ್ಟಿದವನು ಸಂಜೆಯ ತನಕ ಬೆಂಡನ್ನು ನೋಡುತ್ತಾ ಕೂತಿರುವನು. ಸಣ್ಣ ಮೀನುಗಳು ಎರೆಹುಳವನ್ನು ಚೂರುಚೂರಾಗಿ ತಿಂದು ಹೋಗುವವು.

ಬೆಂಡಿನ ಕೆಳಗೆ ದಾರವನ್ನು ಎಷ್ಟು ಆಳ ಬಿಡಬೇಕೆಂಬದೂ ಮೀನಿನ ಸ್ವಭಾವದಿಂದಲೇ ತಿಳಿಯಬೇಕು. ನಮ್ಮ ಕೆರೆಗಳಿಗೂ ಜಲಾಶಯಗಳಿಗೂ ಗಂಗಾ ಬಯಲಿನ ಮೂಲದ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ತಂದು ಬಿಡುವದುಂಟು. ಇವುಗಳಲ್ಲಿ ಕಾಟ್ಲಾ ನೀರಿನ ಮೇಲ್ಭಾಗದಲ್ಲಿ ಮೇಯುವದು, ರೋಹು ನಡುವೆ, ಮೃಗಾಲ್ ತಳದಲ್ಲಿ. ಸೃಷ್ಟಿಕರ್ತನು ಒಂದೇ ಕೆರೆಯಲ್ಲಿ ಮೂವರಿಗೂ ಜಗಳವಿಲ್ಲದೆ ಊಟ ಹಾಕಿದ್ದಾನೆ. ನಮ್ಮ ಓಣಿಗಳಲ್ಲಿ ಒಂದು ನಲ್ಲಿಯ ಮುಂದೆ ಅಷ್ಟು ಸಮಾಧಾನವನ್ನು ಕಾಣೆವು.

ಹಿಡಕಲ್ಲಿನ ಹಿನ್ನೀರಿನಂಥ ವಿಸ್ತಾರದಲ್ಲಿ ಮೀನು ದೂರವಿರುವದರಿಂದ ದಾರವನ್ನು ಎಸೆಯಬೇಕಾಗುವದು. ಅಲ್ಲಿ ರೀಲು ಉಪಯುಕ್ತ. ರೀಲುಗಳಲ್ಲಿ ಎರಡು ಮುಖ್ಯ ಜಾತಿ. ಕೋಲಿನ ಮೇಲೆ ಕೂತು, ದಾರ ಹೋಗುವಾಗ ತಾನೂ ಗಿರ್ರನೆ ತಿರುಗುವ ಉರುಳೆಯದು ಒಂದು. ಇದು ನುರಿತವರದು, ಹೆಬ್ಬೆರಳಿನಿಂದ ತಡೆಯುವದು ತಿಳಿಯದಿದ್ದರೆ ದಾರವು ಗುಬ್ಬಿಯ ಗೂಡಿನಂತೆ ಗೋಜಲಾಗುವದು. ಮತ್ತೊಂದು ಕೋಲಿನ ಕೆಳಗೆ ತೂಗುವದು, ಎಸೆಯುವಾಗ ಉರುಳೆ ತಿರುಗದೆ ನಿಂತಿದ್ದು ದಾರ ಮಾತ್ರ ಅದರ ಅಂಚಿನಿಂದ ಸುರುಳಿಸುರುಳಿಯಾಗಿ ಜಾರಿಹೋಗುವದು. ಅಂಗಡಿಯವರು ಇದನ್ನು ಸ್ಪಿನ್ನಿಂಗ್ ರೀಲ್ ಎನ್ನುವರು. ಹೊಸಬನಿಗೆ ಇದೇ ತಕ್ಕದ್ದು.

ಈ ರೀಲಿನ ಚರಿತ್ರೆ ಗೋಕಾಕದವರಿಗೆ ಹಿಡಿಸುವಂಥದು. ಇದರ ಈಗಿನ ರೂಪಕ್ಕೆ 1905ರಲ್ಲಿ ಪೇಟೆಂಟು ಪಡೆದ ಇಲಿಂಗ್‌ವರ್ತ್ ಎಂಬವನು ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ಪಟ್ಟಣದ ಉಣ್ಣೆ ಗಿರಣಿಗಳ ಮನೆತನದವನು. ಗಿರಣಿಯಲ್ಲಿ ನಿಂತ ಕಂಡಿಕೆಯ ತುದಿಯಿಂದ ನೂಲು ಸಲೀಸಾಗಿ ಬಿಚ್ಚಿಕೊಳ್ಳುವ ರೀತಿಯೇ ಇದರಲ್ಲಿಯೂ ಇದೆ. ಜಲಪಾತದ ಬದಿಯ ನಮ್ಮ ನೂಲಿನ ಗಿರಣಿಯಲ್ಲಿ ದುಡಿದ ಮನೆಗಳ ಹಿರಿಯರಿಗೆ ಒಂದು ರೀಲನ್ನು ತೋರಿಸಿರಿ. ದಾರ ಏಕೆ ಸಿಕ್ಕಾಗುವದು, ಏಕೆ ಹುರಿ ಬೀಳುವದು ಎಂಬದನ್ನು ಅವರು ಅಂಗಡಿಯವನಿಗಿಂತ ಚೆನ್ನಾಗಿ ಹೇಳಬಲ್ಲರು.

ಕೊಳ್ಳುವವನು 2500 ಅಥವಾ 3000 ಎಂದು ಗುರುತಿರುವ ರೀಲನ್ನು ಕೇಳಲಿ. ಅದು ಮಧ್ಯಮ ಅಳತೆಯದು. ಹಿಡಿಕೆಯನ್ನು ಬಿಚ್ಚಿ ಎಡಕ್ಕೋ ಬಲಕ್ಕೋ ಹಾಕಿಕೊಳ್ಳಬಹುದಾದ್ದರಿಂದ ಎಡಚನು ಚಿಂತಿಸಬೇಕಾಗಿಲ್ಲ. ತಿರುಗಿಸಿ ನೋಡಲಿ: ಕರಕರ ಶಬ್ದವೂ ಅತ್ತಿತ್ತ ಅಲುಗಾಟವೂ ಇರಬಾರದು. ಕೋಲು ಆರೂವರೆ ಏಳು ಅಡಿ, ಮಧ್ಯಮ ಬಿಗುವಿನದು. ಗಾಜುನೂಲಿನ ಕೋಲು ತುಸು ಭಾರ, ಆದರೆ ಬಿದ್ದರೂ ತುಳಿದರೂ ಬೇಗನೆ ಮುರಿಯದು. ಕಾರ್ಬನ್ ಕೋಲು ಹಗುರ, ಮೀನಿನ ಸಣ್ಣ ಮುಟ್ಟುವಿಕೆಯನ್ನೂ ಕೈಗೆ ತಿಳಿಸುವದು; ಆದರೂ ಪೆಟ್ಟಿಗೆ ಬಿರುಕು ಬಿಡುವದು. ಅದಲ್ಲದೆ ಕಾರ್ಬನ್ನಿನಲ್ಲಿ ವಿದ್ಯುತ್ತು ಹರಿಯುವದು. ನಮ್ಮ ಹೊಲಗಳಲ್ಲಿ ಪಂಪ್‌ಸೆಟ್ಟಿನ ತಂತಿಗಳು ಎಷ್ಟೋ ಕಡೆ ಜೋತುಬಿದ್ದಿರುತ್ತವೆ. ಕೋಲನ್ನು ಎತ್ತಿ ಹಿಡಿದು ಅವುಗಳ ಕೆಳಗೆ ನಡೆಯುವವನು ಪ್ರಾಣದೊಡನೆ ಆಡುವವನೇ. ಒದ್ದೆಯಾದ ಬಿದಿರಿನ ವಿಷಯದಲ್ಲಿಯೂ ಇದೇ ಎಚ್ಚರಿಕೆ ಸಲ್ಲುವದು. ಮೊದಲನೆಯ ಕೋಲು ಗಾಜುನೂಲಿನದೇ ಆಗಲೆಂಬದು ನನ್ನ ಅಭಿಪ್ರಾಯ.

ದಾರವು ನಾಲ್ಕು ಐದು ಕಿಲೋ ಭಾರ ತಾಳುವ ಸಾದಾ ಒಂಟಿ ಎಳೆಯ ನೈಲಾನು ಆಗಿರಲಿ. ರೀಲಿನ ಅಂಚಿಗೆ ಎರಡು ಮಿಲಿಮೀಟರಿನಷ್ಟು ಕಡಿಮೆ ತುಂಬಬೇಕು; ತುಳುಕುವಂತೆ ತುಂಬಿದರೆ ಕುಣಿಕೆ ಕುಣಿಕೆಯಾಗಿ ಹಾರುವದು. ಗಾಳವನ್ನು ಕಟ್ಟುವಾಗ ದಾರವನ್ನು ಕಣ್ಣಿನೊಳಗಿಂದ ತಂದು, ತನ್ನ ಮೇಲೆಯೇ ಐದು ಸುತ್ತು ಸುತ್ತಿ, ಗಾಳದ ಕಣ್ಣಿನ ಬಳಿಯ ಕುಣಿಕೆಯಲ್ಲಿ ತೂರಿಸಿ, ಬಿಗಿಯುವ ಮುಂಚೆ ಉಗುಳಿನಿಂದ ತೇವಮಾಡಬೇಕು. ಒಣದಾಗಿ ಎಳೆದರೆ ಉಜ್ಜಿದ ಕಾವಿಗೆ ಗಂಟು ಬಲಹೀನವಾಗುವದು.

ರೀಲಿನಲ್ಲಿ ಮುಖ್ಯವಾದದ್ದು ಬಿಗಿಯ ತಿರುಪು. ದೊಡ್ಡ ಮೀನು ಓಡಿದಾಗ ದಾರವನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವಂತೆ ಮಾಡುವದು ಅದೇ. ಹೊಸಬರು ಮೀನು ತಪ್ಪೀತೆಂಬ ಭಯದಿಂದ ಅದನ್ನು ಪೂರಾ ಬಿಗಿದುಬಿಡುತ್ತಾರೆ; ಆಗ ದಾರ ಹರಿದು ಮೀನು ಬಾಯಲ್ಲಿ ಕಬ್ಬಿಣವನ್ನಿಟ್ಟುಕೊಂಡೇ ಹೋಗುವದು. ದಾರವು ತಾಳುವ ಭಾರದ ಕಾಲು ಪಾಲಿಗೆ ತಿರುಪನ್ನು ಹೊಂದಿಸಬೇಕು. ಮನೆಯಲ್ಲಿಯೇ ಒಂದು ಕಿಲೋ ಜೋಳದ ಚೀಲವನ್ನು ದಾರಕ್ಕೆ ಕಟ್ಟಿ ಎತ್ತಿ ನೋಡಿರಿ: ಒಂದು ಕಿಲೋ ಏಳಬೇಕು, ಇನ್ನೆರಡು ಹಿಡಿ ಜೋಳ ಹಾಕಿದರೆ ರೀಲು ಬಿಟ್ಟುಕೊಡಬೇಕು. ಬಿಟ್ಟುಕೊಡುವದನ್ನು ಕಲಿಯದೆ ಹಿಡಿಯುವದು ಸಾಧ್ಯವಿಲ್ಲವೆಂಬದು ಮಕ್ಕಳನ್ನು ಬೆಳೆಸಿದ ತಂದೆಗಳಿಗೆ ತಿಳಿದೇ ಇದೆ.

ಈಗ ಹಣದ ಮಾತು. ಹಬಕ್ಕೂಕ ಪ್ರವಾದಿಯು ಕಸ್ದೀಯರನ್ನು ಕುರಿತು ಹೇಳುವಾಗ, ಅವರು ಮನುಷ್ಯರನ್ನೇ ಮೀನುಗಳಂತೆ ಗಾಳದಿಂದ ಎತ್ತಿ ಬಲೆಯಲ್ಲಿ ಬಾಚಿ, ಆಮೇಲೆ ಆ ಬಲೆಗೇ ಬಲಿಯನ್ನೂ ಧೂಪವನ್ನೂ ಅರ್ಪಿಸುತ್ತಾರೆಂದು ತಿಳಿಸುತ್ತಾನೆ. ಅವರ ಭಾಗವು ಕೊಬ್ಬಿದ್ದು ಅದರಿಂದಲೇ ಎಂದು ಅವರ ಎಣಿಕೆ. ನಾವು ಸಾಧನಗಳಿಗೆ ಧೂಪ ಹಾಕುವವರಲ್ಲವೆಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಕಬ್ಬು ಕಡಿಯುವ ತಂದೆಯ ಮುಂಗಡದ ಹಣದಲ್ಲಿ, ತಂಗಿಯ ಶಾಲೆಯ ಹಣದಲ್ಲಿ, ಇಲ್ಲವೆ ಬಡ್ಡಿಯ ಸಾಲದಲ್ಲಿ ಐದಾರು ಸಾವಿರದ ಕೋಲನ್ನು ತಂದು ಗೆಳೆಯರಿಗೆ ತೋರಿಸುವದು ಯಾವ ಪೂಜೆ? ಮೀನಿಗೆ ಕೋಲಿನ ಬೆಲೆ ತಿಳಿಯದು. ಅದಕ್ಕೆ ಕಾಣುವದು ನೀರಿನೊಳಗಿರುವ ಹುಳುವೂ ಹಿಟ್ಟಿನ ಉಂಡೆಯೂ ಮಾತ್ರ. ಒಂದು ವರುಷ ಬಿದಿರಿನಿಂದ ಹಿಡಿದು, ತನ್ನ ಕೂಲಿಯಿಂದ ಉಳಿಸಿ, ಆಮೇಲೆ ರೀಲು ಕೊಳ್ಳುವ ಹುಡುಗನು ಅದನ್ನು ತೊಳೆದು ಒರಸಿ ಇಟ್ಟುಕೊಳ್ಳುವನು. ಸಾಲದಿಂದ ತಂದವನ ಕೋಲು ಎಷ್ಟೋ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆಯೇ ಅಟ್ಟ ಸೇರುವದು, ಕಂತು ಮಾತ್ರ ದೀಪಾವಳಿಯ ಆಚೆಗೂ ನಿಲ್ಲುವದು. ತಾಯಂದಿರೇ, ಮಗನು ಹಟಮಾಡಿದರೆ ಇಲ್ಲವೆನ್ನುವದಕ್ಕೆ ಅಂಜಬೇಡಿರಿ, ಬಿದಿರನ್ನು ಕಡಿದುಕೊಡಿರಿ.

ಧೂಪ ಹಾಕುವ ಇನ್ನೊಂದು ವಿಧವುಂಟು. ಒಂದೊಂದಾಗಿ ಹಿಡಿಯುವ ತಾಳ್ಮೆಯಿಲ್ಲದವರು ಮಡುವಿಗೆ ಸಿಡಿಮದ್ದು ಎಸೆಯುತ್ತಾರೆ, ವಿಷ ಕಲಸುತ್ತಾರೆ, ಕರೆಂಟು ಬಿಡುತ್ತಾರೆ. ಸಿಡಿಮದ್ದನ್ನೂ ವಿಷವನ್ನೂ 1897ರ ಮೀನುಗಾರಿಕೆಯ ಕಾಯಿದೆಯೇ ನಿಷೇಧಿಸಿತ್ತು. ತಿನ್ನುವ ಹತ್ತು ಮೀನಿಗಾಗಿ ಮರಿಗಳೂ ಮೊಟ್ಟೆಗಳೂ ಸಹಿತ ಒಂದು ಮಡುವನ್ನೇ ಕೊಲ್ಲುವ ಈ ಕೆಲಸದಲ್ಲಿ ಕೈ ಕಳಕೊಂಡವರೂ ಪ್ರಾಣ ಕಳಕೊಂಡವರೂ ಉಂಟು. ಅಂಥ ಮೀನನ್ನು ಅಗ್ಗವೆಂದು ಕೊಂಡು ಅಟ್ಟುವ ಮನೆಗೂ ಅದರಲ್ಲಿ ಪಾಲುಂಟು. ಸಭೆಯ ಹಿರಿಯರು ಇದನ್ನು ಕಂಡೂ ಕಾಣದಂತೆ ಇರಬಾರದು.

ನೀರು ಯಾರದೆಂಬದನ್ನೂ ಕೇಳಿಕೊಳ್ಳಿರಿ. ಊರ ಕೆರೆಯ ಮೀನು ಗುತ್ತಿಗೆಗೆ ಹೋಗಿರಬಹುದು. ಗುತ್ತಿಗೆದಾರನ ಅಪ್ಪಣೆಯಿಲ್ಲದೆ ಹಿಡಿದದ್ದು ಕಳವೇ. ಜಲಾಶಯದ ವಿಷಯವನ್ನು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸತಕ್ಕದ್ದು. ಧೂಪದಾಳದ ಹಿನ್ನೀರು 1974ರಿಂದ ಪಕ್ಷಿಧಾಮವಾಗಿದೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗಾಳ ಹಾಕಲೇಬಾರದು. ಎಲ್ಲಿಯೇ ಆಗಲಿ, ಹರಿದ ನೈಲಾನು ದಾರವನ್ನು ದಡದಲ್ಲಿ ಬಿಡಬೇಡಿರಿ. ಹತ್ತಿಯ ನೂಲಿನಂತೆ ಅದು ಕೊಳೆಯದು. ವರುಷಗಟ್ಟಲೆ ಬಿದ್ದಿದ್ದು ಕೊಕ್ಕರೆಯ ಕಾಲಿಗೂ ಕರುವಿನ ಗೊರಸಿಗೂ ಸುತ್ತಿಕೊಳ್ಳುವದು.

ಮಳೆಗಾಲದಲ್ಲಿ ಗಾಳವನ್ನು ಗೂಟಕ್ಕೆ ತೂಗಹಾಕಿರಿ. ಕಾಟ್ಲಾ, ರೋಹು ಮುಂತಾದವು ಸಂತಾನಕ್ಕಾಗಿ ಪ್ರವಾಹದ ಎದುರಾಗಿ ಏರುವ ಕಾಲವದು. ನಮಗೂ ಅದು ಒಳ್ಳೆಯ ಕಾಲವಲ್ಲ. ಆಗಸ್ಟ್ 2019ರಲ್ಲಿ ಘಟಪ್ರಭೆಯು ಗೋಕಾಕದೊಳಗೆ ಬಂದದ್ದನ್ನು ಯಾರು ಮರೆತಾರು? ಮೇಲೆ ಜಲಾಶಯದ ಬಾಗಿಲು ತೆರೆದರೆ, ಇಲ್ಲಿ ಆಕಾಶ ಬೆಳ್ಳಗಿದ್ದರೂ ನದಿ ಏರುವದು. ಜಲಪಾತದ ಮೇಲಿನ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ. ಕಾಲುವೆಯ ಕಟ್ಟಿದ ಇಳಿಜಾರಿನಲ್ಲಿ ಬಿದ್ದವನಿಗೆ ಹಿಡಿಯಲು ಒಂದು ಬೇರೂ ಸಿಕ್ಕದು, ಈಜು ಬಲ್ಲವನೂ ಸೋಲುವನು. ಈಜು ಬಾರದ ಮಗುವನ್ನು ಒಂಟಿಯಾಗಿ ಗಾಳದೊಡನೆ ಕಳುಹಿಸಬೇಡಿರಿ. ಎಷ್ಟು ಒಳ್ಳೆಯ ಕೋಲೂ ಜೊತೆಯಲ್ಲಿ ಕೂತ ಒಬ್ಬ ಹಿರಿಯನಿಗೆ ಸಮವಲ್ಲ.

ಪೇತ್ರನ ಕಡೆಗೆ ಒಂದು ಸಾರಿ ತಿರುಗೋಣ. ಆ ತೆರಿಗೆಯು ತಲೆಗೆ ಅರ್ಧ ಶೆಕೆಲು. ಮೀನಿನ ಬಾಯ ನಾಣ್ಯವು ಒಂದು ಶೆಕೆಲಿನ ಬೆಲೆಯದು. ಗುರುವಿಗೆ ಅರ್ಧ, ಶಿಷ್ಯನಿಗೆ ಅರ್ಧ, ಉಳಿಕೆ ಏನೂ ಇಲ್ಲ. ಎರಡನೆಯ ಮೀನನ್ನು ಹಿಡಿಯೆಂದು ಕರ್ತನು ಹೇಳಲಿಲ್ಲ. ಪೇತ್ರನು ಯಾವ ದಡಕ್ಕೆ ಹೋದನು, ಎಷ್ಟು ಹೊತ್ತು ಕಾದನು, ಗಾಳವನ್ನು ಯಾರಿಂದ ಕೇಳಿ ತಂದನು ಎಂಬದನ್ನೆಲ್ಲಾ ಮತ್ತಾಯನು ಬರೆದಿಲ್ಲ. ಬಲೆಯವನ ಮನೆಯಲ್ಲಿ ಗಾಳವಿರಲಿಕ್ಕಿಲ್ಲ, ನೆರೆಯ ಹುಡುಗನದೇ ಆಗಿರಬಹುದು. ಆ ಮೀನನ್ನು ಆ ಸಂಜೆ ಯಾರ ಮನೆಯಲ್ಲಿ ಅಟ್ಟಿದರೋ ಅದೂ ಬರೆದಿಲ್ಲ.