ಇರಬಹುದು ಬೇಡ, ಇರಲಾರದು ಹುಡುಕಿ

ಪತ್ರಿಕೆಯಲ್ಲಿ ಸುಡೊಕು ಕಂಡೊಡನೆ ‘ನಂಗೆ ಲೆಕ್ಕ ಬರಲ್ಲಪ್ಪ’ ಎಂದು ಪುಟ ತಿರುವುವವರು ಬಹಳ. ಅದರಲ್ಲಿ ಲೆಕ್ಕವೇ ಇಲ್ಲ, ಕೂಡುವುದಿಲ್ಲ, ಕಳೆಯುವುದಿಲ್ಲ. ಒಂಬತ್ತು ಅಂಕಿಯ ಬದಲು ಒಂಬತ್ತು ಹೂವಿನ ಹೆಸರು ಬರೆದರೂ ಆಟ ನಡೆಯುತ್ತದೆ. ಅಡ್ಡಸಾಲು, ಉದ್ದಸಾಲು, ಒಂಬತ್ತು ಮನೆಯ ಚೌಕ, ಯಾವುದರಲ್ಲೂ ಮಲ್ಲಿಗೆ ಎರಡು ಸಲ ಬರಬಾರದು, ಅಷ್ಟೆ. ಪದಬಂಧಕ್ಕಾದರೆ ಶಬ್ದಭಂಡಾರ ಬೇಕು, ಪುರಾಣದ ಪಾತ್ರ, ಹಳೇ ಸಿನಿಮಾ ನೆನಪಿರಬೇಕು. ತರ್ಕದ ಒಗಟಿಗೆ ಬೇಕಾದದ್ದೆಲ್ಲ ಎದುರಿಗೇ ಇರುತ್ತದೆ. ಹಾಗಾಗಿ ಮೊಮ್ಮಗಳೂ ಅಜ್ಜನೂ ಒಂದೇ ದಿನ ಕಲಿಯಲು ಕೂರಬಹುದು. ಅಜ್ಜನೇ ಗೆಲ್ಲಬೇಕೆಂದೇನೂ ಇಲ್ಲ.

ವಯಸ್ಸಾಯಿತು ಎನ್ನುವವರು ಈ ಆಟದ ಹುಟ್ಟನ್ನೇ ನೋಡಲಿ. ಹೆಸರು ಜಪಾನಿನದಾದರೂ ಹುಟ್ಟಿದ್ದು ಅಮೆರಿಕದಲ್ಲಿ. 1979ರಲ್ಲಿ ಡೆಲ್ ಕಂಪನಿಯ ಒಗಟು ಪತ್ರಿಕೆಯಲ್ಲಿ ಅಚ್ಚಾದಾಗ ಅದನ್ನು ರಚಿಸಿದ ನಿವೃತ್ತ ವಾಸ್ತುಶಿಲ್ಪಿ ಹೋವರ್ಡ್ ಗಾರ್ನ್ಸ್ ಅವರಿಗೆ 74 ವರ್ಷ. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು. 1997ರಲ್ಲಿ, ಹಾಂಗ್‌ಕಾಂಗ್‌ನಲ್ಲಿ ನ್ಯಾಯಾಧೀಶರಾಗಿದ್ದ ವೇಯ್ನ್ ಗೌಲ್ಡ್ ಕಣ್ಣಿಗೆ ಟೋಕಿಯೋದ ಪುಸ್ತಕದಂಗಡಿಯಲ್ಲಿ ಅಂಥದೊಂದು ಪುಸ್ತಕ ಬಿತ್ತು. ಜಪಾನಿ ಅಕ್ಷರ ತಿಳಿಯದು, ಆದರೆ ಚೌಕ ತಿಳಿಯಿತು. ಐವತ್ತು ದಾಟಿದ್ದ ಅವರು ಒಗಟು ತಯಾರಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ವರ್ಷಗಟ್ಟಲೆ ಕೂತರು. 2004ರ ನವೆಂಬರಿನಲ್ಲಿ ಲಂಡನ್ನಿನ ‘ಟೈಮ್ಸ್’ ಅದನ್ನು ಪ್ರಕಟಿಸತೊಡಗಿದ ಮೇಲೆ ಊರೂರಿಗೂ ಹಬ್ಬಿತು. ಗಾರ್ನ್ಸ್ 1989ರಲ್ಲೇ ತೀರಿಕೊಂಡಿದ್ದರು, ಪಾಪ.

ಹೊಸಬರು ಎಡವುವುದು ಒಂದೇ ಕಡೆ. ಖಾಲಿ ಮನೆ ನೋಡಿ ‘ಇಲ್ಲಿ ಐದು ಇರಬಹುದು’ ಎಂದು ಪೆನ್ನಿನಲ್ಲಿ ಬರೆದುಬಿಡುತ್ತಾರೆ. ಹತ್ತು ಮನೆ ತುಂಬಿದ ಮೇಲೆ ಒಂದೇ ಸಾಲಿನಲ್ಲಿ ಎರಡು ಐದು! ಎಲ್ಲಿ ತಪ್ಪಿತೋ ಹುಡುಕುವುದೇ ಕಷ್ಟ. ಪೆನ್ಸಿಲ್ ಹಿಡಿಯಿರಿ, ಪ್ರಶ್ನೆಯನ್ನೂ ತಿರುಗಿಸಿ: ಈ ಚೌಕದಲ್ಲಿ ಏಳು ಎಲ್ಲೆಲ್ಲಿ ಕೂರಲಾರದು? ಮೇಲಿನ ಸಾಲಿನಲ್ಲಿ ಬೇರೆ ಕಡೆ ಏಳು ಇದೆ, ಹಾಗಾಗಿ ಆ ಮೂರು ಮನೆ ಹೋದವು. ಎಡಗಡೆಯ ಉದ್ದಸಾಲಿನಲ್ಲೂ ಇದೆ, ಇನ್ನೆರಡು ಹೋದವು. ಉಳಿದ ನಾಲ್ಕರಲ್ಲಿ ಮೂರು ಆಗಲೇ ತುಂಬಿದ್ದರೆ ಏಳಕ್ಕೆ ಒಂದೇ ಜಾಗ. ಇಲ್ಲಿ ಜಾಣತನಕ್ಕಿಂತ ತಾಳ್ಮೆಯ ಕೆಲಸ ಹೆಚ್ಚು. ಮುಂದೆ ಹೋಗದಿದ್ದರೆ ಹಾಳೆ ಮಡಿಸಿಟ್ಟು ಊಟ ಮಾಡಿ ಬನ್ನಿ; ಮರುದಿನದ ಉತ್ತರಕ್ಕೆ ಕಾಯಬೇಡಿ, ಅದನ್ನು ನೋಡಿದ ಮೇಲೆ ಉಳಿಯುವುದು ಬರೀ ನಕಲು ಮಾಡುವ ಕೆಲಸ.

ಇದರಿಂದ ಮರೆವಿನ ಕಾಯಿಲೆ ಹತ್ತಿರ ಸುಳಿಯದು ಎಂದು ಯಾರಾದರೂ ಖಾತ್ರಿ ಕೊಟ್ಟರೆ ನಂಬಬೇಡಿ. ಮಾತ್ರೆಯಂತೆ ನುಂಗುವ ಒಗಟಿನಲ್ಲಿ ಮಜಾ ಎಲ್ಲಿಂದ ಬರಬೇಕು?

ಅಂಕಿಯ ಮುಖವೇ ಬೇಡ ಎನ್ನುವವರಿಗೆ ಅಮೆರಿಕದ ತರ್ಕಶಾಸ್ತ್ರಜ್ಞ ರೇಮಂಡ್ ಸ್ಮಲ್ಯನ್ ಜನಪ್ರಿಯಗೊಳಿಸಿದ ದ್ವೀಪವಿದೆ. ಅಲ್ಲಿ ಕೆಲವರು ಆಡುವುದೆಲ್ಲ ನಿಜ, ಮಿಕ್ಕವರು ಆಡುವುದೆಲ್ಲ ಸುಳ್ಳು. ಇಬ್ಬರು ಎದುರಾಗುತ್ತಾರೆ. ಮೊದಲನೆಯವನು ‘ನಾವಿಬ್ಬರೂ ಸುಳ್ಳರು’ ಎನ್ನುತ್ತಾನೆ. ನಿಜ ಹೇಳುವವನು ತನ್ನನ್ನು ಸುಳ್ಳ ಎಂದುಕೊಳ್ಳಲಾರ. ಆದ್ದರಿಂದ ಇವನು ಸುಳ್ಳ. ಸುಳ್ಳನ ಮಾತು ಸುಳ್ಳಾಗಲೇಬೇಕಲ್ಲ, ಅಂದರೆ ಇಬ್ಬರೂ ಸುಳ್ಳರಲ್ಲ. ಎರಡನೆಯವನು ಬಾಯಿ ಬಿಡದೆಯೇ ಸತ್ಯವಂತನೆಂದು ಗೊತ್ತಾಗಿಹೋಯಿತು! ಸುಡೊಕುವಿನ ಏಳನ್ನು ಹಿಡಿದ ದಾರಿಯೇ ಇಲ್ಲೂ: ಆಗದ್ದನ್ನು ಒಂದೊಂದಾಗಿ ಹೊರಗೆ ಹಾಕುವುದು.

ಈಗ ಅದೇ ದ್ವೀಪದ ಇನ್ನಿಬ್ಬರು. ಮೊದಲನೆಯವನು ಹೇಳುತ್ತಾನೆ: ‘ನಮ್ಮಿಬ್ಬರಲ್ಲಿ ಒಬ್ಬನಾದರೂ ಸುಳ್ಳ.’ ಯಾರು ಯಾರು? ಉತ್ತರವನ್ನು ತಲೆಕೆಳಗಾಗಿಯೂ ಅಚ್ಚು ಹಾಕಿಸಿಲ್ಲ.