ಪಕ್ಷಿದರ್ಶನದ ಬೆಲೆ

ಹಣವಿಲ್ಲದವನಿಗೆ ದೇಶಾಟನವು ಸಲ್ಲದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಕಾಶೀಯಾತ್ರೆಯನ್ನು ಕಾಲ್ನಡೆಯಿಂದಲೇ ಮುಗಿಸಿ ಬಂದವರ ನಾಡು ಇದು. ಆದುದರಿಂದ ಅಲ್ಪ ವೆಚ್ಚದಲ್ಲಿ ಹಕ್ಕಿಗಳನ್ನು ನೋಡಿಬರಲು ಹೊರಡುವವನನ್ನು ಜಿಪುಣನೆಂದು ನಗುವುದು ತರವಲ್ಲ. ಕೇಳತಕ್ಕ ಪ್ರಶ್ನೆಯೇ ಬೇರೆ: ಅವನು ಉಳಿಸಿದ ವೆಚ್ಚವು ನಿಜವಾಗಿ ಉಳಿಯಿತೆ, ಅಥವಾ ಮತ್ತೊಂದು ಜೀವದ ತಲೆಯ ಮೇಲೆ ಬಿದ್ದಿತೆ?

ಪಕ್ಷಿವೀಕ್ಷಕರಿಗೆ ದ್ವೀಪಗಳೆಂದರೆ ಮೋಹ. ಅದಕ್ಕೆ ಕಾರಣವೂ ಉಂಟು. ಕಡಲು ಸುತ್ತುವರಿದ ನೆಲದಲ್ಲಿ ಬೇರೆಲ್ಲಿಯೂ ಕಾಣದ ಜಾತಿಗಳು ರೂಪುಗೊಳ್ಳುತ್ತವೆ. ಅಂಡಮಾನಿನ ಪೂರ್ವಕ್ಕಿರುವ ನಾರ್ಕೊಂಡಂ ದ್ವೀಪದ ವಿಸ್ತಾರವು ಕೆಲವೇ ಚದರ ಕಿಲೋಮೀಟರು. ಅಲ್ಲಿಯ ಮಂಗಟ್ಟೆಯು ಭೂಮಂಡಲದಲ್ಲಿ ಮತ್ತೆಲ್ಲಿಯೂ ನೆಲಸಿಲ್ಲ. ಅದನ್ನು ಕಾಣುವ ಭಾಗ್ಯ ಗುಮಾಸ್ತನಿಗೆ ಎಲ್ಲಿಯದು? ಆದರೆ ದ್ವೀಪವೆಂದರೆ ಇಬ್ಬದಿಯಲ್ಲಿಯೂ ನೀರುಳ್ಳದ್ದೆಂದು ವೈಯಾಕರಣರು ಬಿಡಿಸಿ ಹೇಳುವ ಅರ್ಥವನ್ನು ತುಸು ಸಡಿಲಿಸಿದರೆ, ದರೋಜಿಯ ಬೆಟ್ಟಗಳೂ ದ್ವೀಪಗಳೇ. ಒಂದು ಕಡೆ ಕಬ್ಬು, ಬತ್ತ, ಬಾಳೆಗಳ ಬಯಲು; ಇನ್ನೊಂದು ಕಡೆ ಸಂಡೂರಿನ ಕಬ್ಬಿಣದ ಅದಿರಿನ ಗಣಿಗಳು; ನಡುವೆ ಬಂಡೆಯ ಮೇಲೆ ಬಂಡೆ ಪೇರಿಸಿದಂತಹ ಗುಡ್ಡಗಳು. ಹಳದಿ ಕೊರಳಿನ ಪಿಕಳಾರವು ಇಂತಹ ಕಲ್ಲುಗುಡ್ಡಗಳನ್ನು ನೆಚ್ಚಿ ಬಾಳುವ ಹಕ್ಕಿ. ದಕ್ಷಿಣ ಭಾರತದ ಹೊರಗೆ ಅದು ಇಲ್ಲವೇ ಇಲ್ಲ; ಅಳಿವಿನ ಭಯವುಳ್ಳ ಜಾತಿಗಳಲ್ಲಿ ಅದನ್ನೂ ಎಣಿಸಿದ್ದಾರೆ.

ಇದನ್ನು ನೋಡಬೇಕೆಂದು ಒಬ್ಬನು ಹೊರಟನೆನ್ನೋಣ. ಹೊಸಪೇಟೆಯವರೆಗೆ ರೈಲು, ಕಮಲಾಪುರದವರೆಗೆ ಬಸ್ಸು, ಕೈಯಲ್ಲಿ ಬುತ್ತಿಯ ಗಂಟು, ಕೊರಳಲ್ಲಿ ಹಳೆಯದೊಂದು ದುರ್ಬೀನು. ಇಷ್ಟರವರೆಗೆ ಅವನ ಮಿತವ್ಯಯವು ಸ್ತುತ್ಯವೇ ಸರಿ. ಆದರೆ ರಜೆಯು ಎರಡೇ ದಿನ. ಪಿಕಳಾರವೋ ಬಂಡೆಗಳ ಮರೆಯಿಂದ ಹೊರಬರಲೊಲ್ಲದು. ಆಗ ಅವನು ಜೇಬಿನಿಂದ ಮೊಬೈಲನ್ನು ತೆಗೆದು, ಅದರಲ್ಲಿ ಮುದ್ರಿತವಾಗಿರುವ ಅದೇ ಜಾತಿಯ ಕೂಗನ್ನು ಕೇಳಿಸುತ್ತಾನೆ. ತನ್ನ ಸೀಮೆಗೆ ವೈರಿಯೊಬ್ಬನು ನುಗ್ಗಿದನೆಂದು ಭ್ರಮಿಸಿ ಹಕ್ಕಿಯು ಮೇವನ್ನು ಬಿಟ್ಟು ಹಾರಿಬರುತ್ತದೆ. ದರ್ಶನವಾಯಿತು, ಕಾಸೊಂದೂ ಖರ್ಚಾಗಲಿಲ್ಲ.

ಇಲ್ಲಿ ಪೂರ್ವಪಕ್ಷವು ಹೀಗೆ: ಹಕ್ಕಿಯ ಗರಿಯೊಂದೂ ಉದುರಲಿಲ್ಲ, ಅದರ ಕೂಗು ಕೇಳಿದ್ದರಿಂದ ಸವೆಯಲಿಲ್ಲ, ಹೀಗಿರುವಲ್ಲಿ ಕಳವೆಲ್ಲಿ? ಈ ವಾದವು ಮೇಲ್ನೋಟಕ್ಕೆ ಗಟ್ಟಿಯಾಗಿಯೇ ತೋರುತ್ತದೆ. ಆದರೆ ಬಳ್ಳಾರಿ ಸೀಮೆಯ ಬೇಸಗೆಯನ್ನು ಬಲ್ಲವರಿಗೆ ಬೇರೆ ಹೇಳಬೇಕಾಗಿಲ್ಲ: ಬಂಡೆಗಳು ಕಾಯುವುದಕ್ಕೆ ಮೊದಲು ಮೇವು ಹುಡುಕಲು ದೊರೆಯುವ ಹೊತ್ತು ಬಹು ಸ್ವಲ್ಪ. ಮರಿಗಳ ಪಾಲಿನ ಆ ಹೊತ್ತಿನಲ್ಲಿ ಕಾಲು ಗಂಟೆಯನ್ನು ಸುಳ್ಳು ಹೇಳಿ ಕಿತ್ತುಕೊಂಡುದಕ್ಕೆ ಹೆಸರೇನು? ನಾಳೆ ಮತ್ತೊಬ್ಬನು ಬರುವನು; ಅವನೂ ಕಾಲು ಗಂಟೆಯಷ್ಟೇ ಎನ್ನುವನು.

ಸಾಲಿಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಯನ್ನು ನಡೆಸಿದಾಗ (ಬಳ್ಳಾರಿಯು ಆಗ ಮದರಾಸಿಗೆ ಸೇರಿದ್ದಿತು) ಹಕ್ಕಿಗಳನ್ನು ಗುಂಡಿಕ್ಕಿ ಕೊಂದು ಪರೀಕ್ಷಿಸುವುದೇ ಅಂತಹ ಸಮೀಕ್ಷೆಗಳ ಕ್ರಮವಾಗಿದ್ದಿತು. ಅದು ಕ್ರೂರವೆಂಬುದು ನಿಜ. ಆದರೂ ಲೆಕ್ಕವು ಬಹಿರಂಗವಾಗಿದ್ದಿತು. ಸತ್ತ ಹಕ್ಕಿಯ ಕಾಲಿಗೆ ಸ್ಥಳ, ದಿನಾಂಕಗಳ ಚೀಟಿಯನ್ನು ಕಟ್ಟುತ್ತಿದ್ದರು. ಈಗಿನವನು ಏನನ್ನೂ ಕೊಲ್ಲುವುದಿಲ್ಲ. ಆದುದರಿಂದಲೇ ತನಗೆ ಋಣವೇ ಇಲ್ಲವೆಂದು ನಂಬಿರುತ್ತಾನೆ.

ಕರಡಿಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. 1994ರಲ್ಲಿ ದರೋಜಿಯು ಕರಡಿಧಾಮವೆಂದು ಘೋಷಿತವಾಯಿತು. (ಕಿಷ್ಕಿಂಧೆಯ ನೆರೆಯಲ್ಲಿ ಜಾಂಬವಂತನ ಕುಲಕ್ಕೆ ಸರ್ಕಾರದ ಸನ್ನದು ಬೇಕಾಯಿತೆಂಬುದು ಕಾಲಮಹಿಮೆ.) ವೀಕ್ಷಣಗೋಪುರದ ಎದುರಿನ ಬಂಡೆಗಳಿಗೆ ಬೆಲ್ಲದ ಪಾಕವನ್ನು ಬಳಿದು ಕರಡಿಗಳನ್ನು ಬರಮಾಡಿಕೊಳ್ಳುವ ಪದ್ಧತಿಯು ಇಲ್ಲಿ ಬೆಳೆದುಬಂದಿತು. ಅದರ ಆಸೆಗೆ ನವಿಲು, ಮುಂಗುಸಿಗಳೂ ಬಂದು ಕೂಡುವುದುಂಟು. ಕಂಡ ಹೊರತು ಜನರಿಗೆ ಪ್ರೀತಿ ಹುಟ್ಟದು, ಪ್ರೀತಿಯಿಲ್ಲದಿದ್ದರೆ ಗುಡ್ಡವು ಗಣಿಯವರ ಪಾಲಾದೀತು ಎಂಬ ಸಮಾಧಾನವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಬೆಲ್ಲದ ರುಚಿ ಹತ್ತಿದ ಕರಡಿಗೂ ಸುತ್ತಣ ಹೊಲಗಳ ರೈತನಿಗೂ ನಡುವೆ ಬೇಲಿಯಿಲ್ಲ. ನೋಡಿ ಸಂತೋಷಪಟ್ಟವನು ಸಂಜೆಯೇ ಊರಿಗೆ ಮರಳುತ್ತಾನೆ, ರೈತನು ಅಲ್ಲಿಯೇ ಇರಬೇಕು. ಪ್ರೀತಿಯನ್ನು ಹುಟ್ಟಿಸುವ ಉಪಾಯದ ಬೆಲೆಯನ್ನು ಪ್ರೀತಿಸದವನಿಂದ ವಸೂಲು ಮಾಡುವುದು ನ್ಯಾಯವೆ?

ಹಾಗಾದರೆ ಬಡವನು ಮನೆಯಲ್ಲಿಯೇ ಕುಳಿತಿರಬೇಕೋ ಎಂದರೆ, ಹಾಗಲ್ಲ. ಹಣವಂತನ ಮೋಟಾರು ಗುಡ್ಡದ ಬುಡದವರೆಗೂ ಧೂಳೆಬ್ಬಿಸುತ್ತ ಹೋಗುವುದನ್ನು ಕಂಡವರು ಬಡವನ ಮೇಲೆ ಮಾತ್ರ ದೋಷವನ್ನು ಹೊರಿಸಲಾರರು. ಹಣವನ್ನು ಕೊಡಲಾರದವನು ಕಾಲವನ್ನು ಕೊಡಬೇಕು. ಎರಡನ್ನೂ ಕೊಡದವನು ಹಕ್ಕಿಯಿಂದಲೇ ಕಸಿದುಕೊಳ್ಳುತ್ತಾನೆ. ಒಂದು ರಜೆಯಲ್ಲಿ ಐದು ಊರುಗಳನ್ನು ಸುತ್ತುವ ಬದಲು, ಐದು ರಜೆಗಳಲ್ಲಿ ಒಂದೇ ಊರಿಗೆ ಬರಬಹುದು. ಕಮಲಾಪುರದ ಕೆರೆಯ ಏರಿಯ ಮೇಲೆ ಮುಂಜಾನೆ ಕೂರುವುದಕ್ಕೆ ಯಾರೂ ಸುಂಕ ಕೇಳುವುದಿಲ್ಲ. ಬೆಳ್ಳಕ್ಕಿಗಳು ಬಂದೇ ಬರುತ್ತವೆ, ಮಿಂಚುಳ್ಳಿಯೂ ಬಂದೀತು. ಪಿಕಳಾರವು ಮೂರನೆಯ ರಜೆಯಲ್ಲಿಯೂ ಕಾಣದೆ ಹೋದರೆ, ನೋಟಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಏನನ್ನೂ ಬರೆಯದೆ ಅವನು ಹೊಸಪೇಟೆಯ ಬಸ್ಸನ್ನು ಹತ್ತಬಹುದು.